ಕತ್ತಿಮಣೆಗೆ ತಂದ ಸಾಣೆಕಲ್ಲು

ಆ ಸಾಣೆಕಲ್ಲನ್ನು ಬೆಂಗಳೂರಿನಿಂದ ಯಾವ ವರ್ಷ ತಂದೆನೋ ಖಚಿತವಾಗಿ ಹೇಳಲಾರೆ. ಪರದೇಶದ ಸಾಮಾನು ಅಂಗಡಿಯಲ್ಲಿ ಸಲೀಸಾಗಿ ಸಿಕ್ಕಿತ್ತು ಎಂದರೆ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಇರಬೇಕು. ಆದರೆ ಕಲ್ಲಿಗೆ ಸವರಲು ನಾನು ಸೀಮೆಎಣ್ಣೆ ತೆಗೆದುಕೊಂಡಾಗ, ದೀಪಕ್ಕೇ ಸಿಗುತ್ತಿಲ್ಲ ಎಂದು ಅಮ್ಮ ಗೊಣಗಿದ್ದೂ ನೆನಪಿದೆ. ಹಾಗಾದರೆ ಯುದ್ಧ ಶುರುವಾದ ಮೇಲೆ. ಎರಡರಲ್ಲಿ ಒಂದು ಸುಳ್ಳು. ವಿಜ್ಞಾನದ ಪದವಿ ಪಡೆದು, ಕೆಲಸ ಸಿಗದೆ ಶ್ರೀನಿವಾಸಪುರದ ಮನೆಯ ಜಗಲಿಯಲ್ಲಿ ಕುಳಿತಿದ್ದೆ ಎಂಬುದಷ್ಟೇ ನಿಜ. ಅಂಥ ಪದವೀಧರನೊಬ್ಬ ಮನೆಯಲ್ಲಿದ್ದರೆ ಮನೆಯ ಯಾವ ಸಾಮಾನಿಗೂ ನೆಮ್ಮದಿಯಿಲ್ಲ.

ನನ್ನ ಕಣ್ಣು ಬಿದ್ದದ್ದು ಅಮ್ಮನ ಕತ್ತಿಮಣೆಯ ಮೇಲೆ. ದಪ್ಪ ಹಲಗೆ, ಅದರ ಒಂದು ತುದಿಗೆ ಕೀಲು ಹಾಕಿ ಕೂರಿಸಿದ ಭಾರದ ಕತ್ತಿ. ಮಾವಿನಕಾಯಿಯನ್ನು ಅದರ ಕೆಳಗಿಟ್ಟು ಹಿಡಿಯನ್ನು ಒತ್ತಿದರೆ ಒಳಗಿನ ಗಟ್ಟಿ ಓಟೆಯ ಸಮೇತ ಎರಡು ಹೋಳು. ಉಪ್ಪಿನಕಾಯಿಯ ಪ್ರತಿ ಹೋಳಿಗೂ ಓಟೆಯ ಚೂರು ಅಂಟಿಕೊಂಡಿರಬೇಕು. ಇಲ್ಲದಿದ್ದರೆ ಹೋಳು ಮೆತ್ತಗಾಗುತ್ತದೆ, ಜಾಡಿ ವರ್ಷ ನಿಲ್ಲುವುದಿಲ್ಲ. ರಾಯಲ್ಪಾಡಿನ ತವರಿನಿಂದ ಅಮ್ಮ ತಂದಿದ್ದ ಆ ಮಣೆ ನಮ್ಮ ಬೀದಿಗೆಲ್ಲ ಒಂದೇ. ಮೊದಲ ದಿನ ನಮ್ಮ ಮನೆ, ಆಮೇಲೆ ಸರದಿಯಂತೆ ಆರು ಮನೆಗಳು. ತಮ್ಮ ಸರದಿಯ ದಿನ ನೋಡಿಕೊಂಡೇ ಅವರು ತೋಪಿನಿಂದ ಕಾಯಿ ಕೀಳಿಸುತ್ತಿದ್ದರು, ಏಕೆಂದರೆ ಕಿತ್ತ ದಿನವೇ ಹೆಚ್ಚಿ ಮುಗಿಸಬೇಕು. ಹೇಳಿದ ದಿನ ಮಣೆ ಬರುತ್ತದೆ ಎಂಬುದು ಅಮ್ಮನ ಮಾತು. ಆ ಬೀದಿಯಲ್ಲಿ ಆಕೆಗಿದ್ದ ಮರ್ಯಾದೆಯೆಲ್ಲ ಆ ಮಾತಿನಲ್ಲಿತ್ತು.

ಕತ್ತಿ ಮೊಂಡಾಗಿದೆ ಎಂದು ತೀರ್ಮಾನಿಸಿದವನು ನಾನು. ಬೆರಳಿನಿಂದ ಸವರಿ ನೋಡಿ ತೀರ್ಮಾನಿಸಿದೆ. ಅಪ್ಪನೂ ಸವರಿ ನೋಡಿ ಒಪ್ಪಿದರು. ಭಿನ್ನಾಭಿಪ್ರಾಯ ಬಂದದ್ದು ಪರಿಹಾರದ ಬಗ್ಗೆ. ಮುಳಬಾಗಿಲಿನ ಕಡೆಯಿಂದ ಚಕ್ರ ಹೊತ್ತು ಬರುವ ಸಾಣೆಯವನೇ ಸರಿ ಎಂದರು ಅಪ್ಪ. ಕಿಡಿ ಎಷ್ಟು ದೂರ ಹಾರಿದರೆ ಅಷ್ಟು ಹರಿತ ಎಂಬುದು ಅವರ ಸಿದ್ಧಾಂತ. ಹಾರುವ ಕಿಡಿ ನಮ್ಮದೇ ಉಕ್ಕು, ಅಲಗು ಕಾದರೆ ಹದ ಹೋಗುತ್ತದೆ ಎಂದು ನಾನು. ಹದಿನೈದು ದಿನ ಊಟದ ಹೊತ್ತಿಗೆಲ್ಲ ಇದೇ ಚರ್ಚೆ. ನಾವಿಬ್ಬರೂ ಜನ್ಮದಲ್ಲಿ ಒಂದು ಬದನೆಕಾಯಿ ಹೆಚ್ಚಿದವರಲ್ಲ. ಬಡಿಸುತ್ತಿದ್ದ ಅಮ್ಮನನ್ನು ಏನೂ ಕೇಳಲಿಲ್ಲ. ಆಕೆ ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದಳು ಎಂದು ಈಗ ನೆನಪಾಗುತ್ತದೆ. ಅದು ನನ್ನ ತಪ್ಪಿತಸ್ಥ ಮನಸ್ಸು ಆಮೇಲೆ ಸೇರಿಸಿದ್ದೂ ಇರಬಹುದು.

ಪಕ್ಕದ ಬೀದಿಯ ಮುದುಕ ಆಚಾರಿಯ ಬಳಿ ಹೋಗಿ ಶಾಸ್ತ್ರೀಯವಾಗಿ ವಿಚಾರಿಸಿದೆ. ಆತ ಬಾಗಿಲುವಾಡವೊಂದಕ್ಕೆ ಉಳಿ ಹಿಡಿದು ಕುಳಿತಿದ್ದ. ಅತ್ಯುತ್ತಮ ಅಲಗು ಎಂದರೆ ಹೇಗಿರಬೇಕು ಎಂದು ಕೇಳಿದೆ. ಆತ ಉಳಿಯ ಬಾಯಿಯನ್ನು ಕಲ್ಲಿನ ಮೇಲೆ ಓರೆಯಾಗಿ ಮಲಗಿಸಿ, ನೀರು ಬಿಟ್ಟು ಉಜ್ಜಿ, ತನ್ನ ಮುಂಗೈ ಕೂದಲನ್ನು ಬೋಳಿಸಿ ತೋರಿಸಿದ. ಆ ಓರೆಯನ್ನು ನಾನು ಕೋನಮಾಪಕದಿಂದ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ. ಆತ ನಕ್ಕನೋ ಇಲ್ಲವೋ. ನಕ್ಕಿರಬೇಕು.

ಆಮೇಲೆ ಕಲ್ಲು ತಂದದ್ದು. ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು, ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಸೂಚನೆಯ ಹಾಳೆ. ಹಾಳೆ ನೋಡಿದ ಮೇಲೆ ಅಪ್ಪ ಕಿಡಿಗಳ ಸುದ್ದಿ ಬಿಟ್ಟರು. ಇಂಗ್ಲಿಷಿನಲ್ಲಿ ಅಚ್ಚಾದದ್ದರ ಎದುರು ನಮ್ಮ ಮನೆಯಲ್ಲಿ ಯಾವ ಸಿದ್ಧಾಂತವೂ ನಿಲ್ಲುತ್ತಿರಲಿಲ್ಲ. ಕೀಲು ಕಳಚಿ ಮೂರು ದಿನ ಕತ್ತಿಯನ್ನು ಉಜ್ಜಿದೆ. ಅದರಿಂದಲೇ ಮುಂಗೈ ಬೋಳಿಸಿಕೊಂಡು ಮನೆಗೆ ಬಂದವರಿಗೆಲ್ಲ ತೋರಿಸಿದೆ. ಸೀಮೆಎಣ್ಣೆಯ ವಾಸನೆ ಹೋಗಲು ಅಮ್ಮ ಕತ್ತಿಯನ್ನು ಹುಣಸೆಹಣ್ಣಿನಲ್ಲಿ ನಾಲ್ಕು ಸಲ ತಿಕ್ಕಬೇಕಾಯಿತು.

ಹೆಚ್ಚುವ ದಿನ ಬೆಳಿಗ್ಗೆ ತೋಪಿನಿಂದ ಎರಡು ಮಂಕರಿ ಕಾಯಿ ಬಂತು. ಮರುದಿನದ ಸರದಿಯ ಪಕ್ಕದ ಮನೆಯಾಕೆ ಹೋಳು ಒರೆಸಿಕೊಡಲು ಬಂದು ನನ್ನ ತಂಗಿಯ ಪಕ್ಕ ಕುಳಿತರು. ಮೊದಲ ಮೂರು ಕಾಯಿಗಳಲ್ಲಿ ಕತ್ತಿ ಸದ್ದಿಲ್ಲದೆ ಇಳಿಯಿತು. ನಾನು ಅಪ್ಪನ ಮುಖ ನೋಡಿದೆ. ನಾಲ್ಕನೆಯ ಕಾಯಿಯ ಓಟೆ ಬಲಿತಿತ್ತು. ಕಟ್ ಎಂದಿತು. ಅಮ್ಮ ಹೋಳನ್ನು ತಿರುಗಿಸಿ, ಅದರಲ್ಲಿ ನಾಟಿದ್ದ ಉಕ್ಕಿನ ಚೂರನ್ನು ಉಗುರಿನಿಂದ ಕಿತ್ತು, ನನ್ನ ಅಂಗೈಯಲ್ಲಿಟ್ಟಳು. ಇನ್ನೆರಡು ಕಾಯಿಗಳಲ್ಲಿ ಓಟೆ ಪುಡಿಯಾಗಿ ತಿರುಳು ಬೇರೆಯಾಯಿತು. ಅಲಗು ಗರಗಸದ ಹಾಗಾಗಿತ್ತು.

“ಏನಕ್ಕಯ್ಯಾ, ನಿಮ್ಮ ಬಿ.ಎಸ್ಸಿ. ಕತ್ತಿ ಗಡ್ಡ ಕೆರೆಯೋಕಾ, ಕಾಯಿ ಹೆಚ್ಚೋಕಾ?” ಎಂದರು ಪಕ್ಕದ ಮನೆಯಾಕೆ. ತಮಾಷೆಯ ದನಿಯೇ, ಆದರೆ ನಾಳೆಗೆ ಅವರ ಕಾಯಿಯನ್ನೂ ಕೀಳುವವರಿಗೆ ಹೇಳಿಯಾಗಿತ್ತು.

ಅಮ್ಮ ನನ್ನ ಕಡೆ ತಿರುಗಿದಳು. “ವರ್ಷಾ ವರ್ಷಾ ಇದನ್ನ ಮಸೀತಿದ್ದೋರು ಯಾರು ಅಂತ ಕೇಳಿದ್ಯೇನೋ ಯಾವತ್ತಾದ್ರೂ?”

ಚಕ್ರದವನಲ್ಲವೇ ಎಂದರು ಅಪ್ಪ. ಅಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿದಳು. ಅದರ ಅಂಚಿನಲ್ಲಿ ಬೆರಳಗಲದ ಸವಕಲು ಗುರುತಿತ್ತು. ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ಮುಖ ತೊಳೆದವನು ನಾನು.

“ಬೆರಳಿಗೆ ಮೊಂಡು ಅನ್ನಿಸ್ಬೇಕು ಕಣೋ ಅದು,” ಎಂದಳು. “ಓಟೆಗೆ ಹೆದರ್ಬಾರ್ದು, ಅಷ್ಟೇ.”

ಆಚಾರಿಯನ್ನು ಕರೆತಂದೆ. ಆತ ಅಲಗನ್ನು ಬೆಳಕಿಗೆ ಹಿಡಿದು ನೋಡಿದ. “ನೀವ್ ಒಳ್ಳೆ ಅಲಗು ಅಂದ್ರಿ ಸ್ವಾಮಿ, ಕೈಯಲ್ಲಿದ್ದ ಉಳಿ ತೋರಿಸ್ದೆ. ಓಟೆ ಒಡೆಯೋ ಕತ್ತಿಗೆ ಅಂತ ಒಂದ್ ಮಾತ್ ಅಂದಿದ್ರೆ ಕೊಡಲಿ ತೋರಿಸ್ತಿದ್ದೆ.” ನನ್ನ ಕಲ್ಲಿನ ಒರಟು ಬದಿಯಲ್ಲೇ ಮುಕ್ಕಾದ ಅಂಚನ್ನೆಲ್ಲ ಸವೆಸಿ ತೆಗೆದ. ಮುಗಿಯುವ ಹೊತ್ತಿಗೆ ಕತ್ತಲಾಯಿತು. ಉಳಿಗೆ ಇದು ಚಿನ್ನದಂಥ ಕಲ್ಲು ಎಂದ. ಕೊಟ್ಟುಬಿಟ್ಟೆ. ಕೊನೆಯ ಮಸೆತವನ್ನು ಅಮ್ಮ ಒಗೆಯುವ ಕಲ್ಲಿನ ಮೇಲೆ ತಾನೇ ಮಾಡಿದಳು.

ಬೆಳಿಗ್ಗೆ ಮೊದಲು ನಮ್ಮದನ್ನು ಹೆಚ್ಚಿ, ಮಧ್ಯಾಹ್ನ ಮಣೆ ಕಳಿಸಿದರಾಯಿತು ಎಂದು ನಾನು ಸಲಹೆ ಕೊಟ್ಟೆ. ಬೆಳಕು ಹರಿಯುವ ಹೊತ್ತಿಗೆ ಮಣೆ ಪಕ್ಕದ ಮನೆಯಲ್ಲಿತ್ತು. ಅವರು ಮುಗಿಸಿ, ಕರುಣೆಯಿಂದ, ಸಂಜೆ ಎರಡು ಗಂಟೆ ಬಿಟ್ಟುಕೊಟ್ಟರು. ಅಷ್ಟರಲ್ಲಿ ನಮ್ಮ ಅರ್ಧ ಕಾಯಿ ಮೆತ್ತಗಾಗಿತ್ತು.

ಆ ವರ್ಷ ಅಮ್ಮ ಎರಡು ಜಾಡಿ ಹಾಕಿದಳು. ಗಟ್ಟಿ ಹೋಳಿನದು ಒಂದು, ಮೆತ್ತಗಿನದು ಒಂದು. ನವರಾತ್ರಿಯ ಹೊತ್ತಿಗೆ ಎರಡನೆಯದು ಗೊಜ್ಜಾಗಿತ್ತು. ಅಪ್ಪನಿಗೂ ನನಗೂ ಪ್ರತಿದಿನ ಅದೇ ಬಡಿಸುತ್ತಿದ್ದಳು. ಅಪ್ಪ ಒಮ್ಮೆ ಮಾತ್ರ ಇನ್ನೊಂದು ಜಾಡಿಯ ಕಡೆ ಕೈ ತೋರಿಸಿದರು. “ಅದು ಹೆಚ್ಚಿದೋರಿಗೆ, ಒರೆಸಿದೋರಿಗೆ,” ಎಂದಳು.

ಎರಡು ಜಾಡಿ ಇರಲೇ ಇಲ್ಲ, ಎಲ್ಲರೂ ಒಂದೇ ತಿಂದೆವು ಎನ್ನುತ್ತಾಳೆ ನನ್ನ ತಂಗಿ. ನನ್ನ ನೆನಪನ್ನು ನಾನು ನಂಬುವುದಿಲ್ಲ, ನಿಜ. ಆದರೆ ಅವಳ ಸಾಕ್ಷ್ಯವನ್ನೂ ಒಪ್ಪಲಾರೆ. ಅವಳು ಆ ದಿನ ಹೋಳು ಒರೆಸಲು ಕುಳಿತಿದ್ದಳು.