ಎವಾಸಿಯೊ ಅಳೆದ ರೋಮನ್ ಗೋಡೆ

ನಮ್ಮ ಚರ್ಚಿನ ವರ್ಷದ ಪ್ರವಾಸ ಅಂದರೆ ಬೆಳಿಗ್ಗೆ ಒಂದು ಕೋಟೆ, ಮಧ್ಯಾಹ್ನ ಊಟ, ಆಮೇಲೆ ರೋಮನ್ನರ ಕಾಲದ ಪಾಳುಗೋಡೆ. ಪಾಳುಗೋಡೆ ಇರುವುದು ಬರೀ ಕಾಗದದ ಮೇಲೆ. ಹನ್ನೆರಡೂವರೆಗೆ ಶುರುವಾದ ಊಟ ಮುಗಿಯುವುದು ನಾಲ್ಕಕ್ಕೆ. ಕಾಫಿ ಬರುವ ಮುಂಚೆ ಮೇಜು ಬಿಟ್ಟು ಎದ್ದವರನ್ನು ನಾನಂತೂ ಇಟಲಿಯ ನಮ್ಮ ಪಿಯೆಮೊಂತೆ ಸೀಮೆಯಲ್ಲಿ ಕಂಡಿಲ್ಲ. ಕೊನೆಗೆ ಬಸ್ಸಿನ ಕಿಟಕಿಯಿಂದಲೇ ರೋಮನ್ನರಿಗೊಂದು ನಮಸ್ಕಾರ ಹಾಕಿ ಮನೆಗೆ.

ಇದಕ್ಕೆ ಹೊಟ್ಟೆ ಉರಿಸಿಕೊಳ್ಳುತ್ತಿದ್ದವನು ನಮ್ಮ ಪಕ್ಕದ ಮನೆಯ ಎವಾಸಿಯೊ ಒಬ್ಬನೇ. ನಲವತ್ತಾರು ವರ್ಷ ಗಾರೆ ಕೆಲಸ ಮಾಡಿದವನು. ಊರಿನ ಅರ್ಧ ಗೋಡೆಗಳು ಅವನವೇ. ಆದರೆ ಜನ ಆಡಿಕೊಳ್ಳುವುದು ಒಂದನ್ನೇ, ಚರ್ಚಿನ ಸಭಾಭವನದ ಗೋಡೆಯನ್ನು. ಅದು ಎರಡು ಬೆರಳು ವಾಲಿದೆ. ಮೂವತ್ತು ವರ್ಷದಿಂದ ಅವನದು ಒಂದೇ ಹಠ.

"ನೆಲ ಕುಸಿದಿದೆ ಕಣೇ ಡೆಲ್ಫಿನಾ. ವಯಸ್ಸಾದ್ರೆ ಎಲ್ಲಾ ಗೋಡೆನೂ ವಾಲುತ್ತೆ. ರೋಮನ್ನರದ್ದೂ ವಾಲಿರುತ್ತೆ, ಬೇಕಾದ್ರೆ ಅಳೆದು ತೋರಿಸ್ತೀನಿ."

"ತೋರ್ಸು ಮತ್ತೆ" ಅಂತ ಅವನನ್ನು ಎಲ್ಲರಿಗಿಂತ ಹೆಚ್ಚು ಕಾಡಿದವಳು ನಾನೇ.

ಈ ವರ್ಷ ಕೋಟೆಯಲ್ಲೇ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಪ್ಪತ್ತೆಂಟರ ಮುದುಕ ಎಲ್ಲರಿಗಿಂತ ಮೊದಲು ಗೋಪುರ ಹತ್ತಿ ಮೇಲಿನಿಂದ ಕೂಗಿದ, "ಕಾಣಿಸ್ತಿದೆ ಕಣ್ರೋ, ಹೊಳೆ ದಂಡೆ ಮೇಲೇ ಇದೆ ಗೋಡೆ."

ಊಟದಲ್ಲಿ ಮಾಂಸದ ಕಡುಬು ಮುಗಿದು ಹುರಿದ ಕರುವಿನ ಮಾಂಸ ಬಂತು. ಎವಾಸಿಯೊ ಎದ್ದು ನಿಂತ.

"ಎಲ್ಲಿಗಪ್ಪಾ?" ಎಂದರು ರೆಮಿಜಿಯೊ ಪಾದ್ರಿಗಳು.

"ಗೋಡೆಗೆ, ಗುರುಗಳೇ. ಮಾಂಸ ನಾಳೆನೂ ಸಿಗುತ್ತೆ."

ಮುದುಕ ಮಾನ ಕಳೆದ ಅಂದುಕೊಂಡು, ಎಳೆದು ತರಲು ನಾನು ಹಿಂದೆಯೇ ಓಡಿದೆ. ನನ್ನ ಹಿಂದೆ ಪಾದ್ರಿಗಳು, ಅವರ ಹಿಂದೆ ಕುತ್ತಿಗೆಗೆ ಸಿಕ್ಕಿಸಿದ ನ್ಯಾಪ್ಕಿನ್ ಸಮೇತ ಅರ್ಧ ಬಸ್ಸು. ನಾವು ಮುಟ್ಟುವಷ್ಟರಲ್ಲಿ ಅವನು ಕೈ ಎತ್ತಿ ದಾರ ಹಿಡಿದು, ಗೋಡೆ ನೆಟ್ಟಗಿದೆಯೇ ಎಂದು ನೋಡಲು ಜೇಬಿನಲ್ಲಿ ತಂದಿದ್ದ ಸೀಸದ ತೂಗುಗುಂಡನ್ನು ಗೋಡೆಯ ಪಕ್ಕ ಇಳಿಬಿಟ್ಟಿದ್ದ. ಅದು ಓಲಾಡಿ ಓಲಾಡಿ ನಿಂತಿತು. ಯಾರಿಗೂ ಊಟದ ನೆನಪಿಲ್ಲ, ಎಲ್ಲರ ಕಣ್ಣೂ ಆ ದಾರದ ಮೇಲೆ. ದಾರಕ್ಕೂ ಗೋಡೆಗೂ ನಡುವಿನ ಸಂದು ಮೇಲೂ ಕೆಳಗೂ ಒಂದೇ. ಹತ್ತು ಹೆಜ್ಜೆ ಸರಿದು ಮತ್ತೆ ಬಿಟ್ಟ. ಅಲ್ಲೂ ಅಷ್ಟೇ. ಮೂರನೇ ಕಡೆಯೂ ಅಷ್ಟೇ.

ಪಾಪ ಅನ್ನಿಸಿ ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕೊನೆಗೆ ನೋಡಿದರೆ, ಆಸಾಮಿ ಖುಷಿಯಿಂದ ಕುಣಿಯುವುದೊಂದು ಬಾಕಿ.

"ಎರಡು ಸಾವಿರ ವರ್ಷ, ಅದೂ ಹೊಳೆ ದಂಡೇಲಿ. ಕೂದಲೆಳೆಯಷ್ಟೂ ವಾಲಿಲ್ಲ. ಎಂಥಾ ಕೈ ಕಣ್ರೀ ಅವರದು. ನಮ್ಮ ಸಭಾಭವನದ ಗೋಡೆ ವಾಲಿದ್ದು ನೆಲದ ತಪ್ಪಲ್ಲ ಗುರುಗಳೇ, ನಂದೇ. ಕೆಲಸದವರಿಗೆ ಚರ್ಚಿನಲ್ಲಿ ಊಟ ಹಾಕ್ಸಿದ್ರಲ್ಲ, ಆವತ್ತು ಮಧ್ಯಾಹ್ನ ಎಬ್ಬಿಸಿದ ಗೋಡೆ ಅದು. ದಾರ ಎರಡೆರಡಾಗಿ ಕಾಣ್ತಿತ್ತು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಆವತ್ತು ಬಡಿಸಿದವಳು ನಾನು. ಕೆಲಸ ಇದೆ, ಸಾಕು ಸಾಕು ಅಂದರೂ ಬಿಡದೆ ಅವನ ಲೋಟಕ್ಕೆ ನಾಲ್ಕು ಸಲ ವೈನ್ ಸುರಿದಿದ್ದೆ. ಮೂವತ್ತು ವರ್ಷದಲ್ಲಿ ಅವನು ಅದನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ.