ಬ್ರೇಕ್ ಒತ್ತಿ ಹಿಡಿದವನು

ನಂಬುವುದಾದರೆ ನಂಬಿ, ಬಿಡುವುದಾದರೆ ಬಿಡಿ. ಇದು ನನ್ನದೇ ಗ್ಯಾರೇಜಿನಲ್ಲಿ, ನನ್ನದೇ ಕಿವಿಗೆ ಕೇಳಿಸಿದ್ದು. ಆ ರಾತ್ರಿ ನಾನು ಕುಡಿದಿರಲಿಲ್ಲ, ಆ ಚಟವೇ ನನಗಿಲ್ಲ. ನಿದ್ದೆಗಣ್ಣಿನಲ್ಲೂ ಇರಲಿಲ್ಲ. ಕಟ್ಟುಕಥೆ ಹೇಳುವುದಾಗಿದ್ದರೆ ನನ್ನ ಮಾನ ಉಳಿಯುವಂಥದ್ದನ್ನೇ ಹೇಳುತ್ತಿದ್ದೆ. ಇದರಲ್ಲಿ ನನ್ನ ಮಾನ ಉಳಿಯುವುದಿಲ್ಲ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಎರೆಹೊಲ ಶುರುವಾಗುವ ಕಡೆ ನನ್ನ ಗ್ಯಾರೇಜಿದೆ. ತಗಡಿನ ಶೆಡ್ಡು, ನಡುವೆ ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ತೋಡಿದ ಹೊಂಡ. ಹದಿನೆಂಟು ವರ್ಷ ನಾನು ಮತ್ತು ಭೀಮಶಿ ಇಬ್ಬರೇ ಅದನ್ನು ನಡೆಸಿದೆವು. ಹೆಸರಿಗೆ ನಾನು ಮಾಲಕ. ಕೈಗುಣ ಅವನದು.

ಒಂದು ಕೆಲಸದ ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬ್ರೇಕಿನ ಪೈಪಿನೊಳಗೆ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಮೇಲೆ ಸೀಟಿನಲ್ಲಿ ಕುಳಿತು ಪೆಡಲನ್ನು ಮೂರು ಸಲ ಒತ್ತಿ, ಗಟ್ಟಿಯಾಗಿ ಹಿಡಿದುಕೊಂಡು "ಹಿಡದೇನ್ರಿ" ಅನ್ನಬೇಕು. ಕೆಳಗಿರುವವನು ಚಕ್ರದ ಹಿಂದಿನ ಸಣ್ಣ ನಟ್ಟು ಸಡಿಲಿಸಿ, ಗಾಳಿ ಹೊರಬಿಟ್ಟು, ಮತ್ತೆ ಬಿಗಿದು "ಬಿಡು" ಅನ್ನಬೇಕು. ಆ ಮಾತು ಬರುವ ತನಕ ಮೇಲಿನವನು ಕಾಲು ತೆಗೆಯುವಂತಿಲ್ಲ. ನಾಲ್ಕೂ ಚಕ್ರಕ್ಕೆ ಇದೇ ಕ್ರಮ.

ಭೀಮಶಿಯ ಬಲಗಾಲು ಭಾರಿ ಸೂಕ್ಷ್ಮ. ಪೈಪಿನಲ್ಲಿ ಎಳ್ಳಷ್ಟು ಗಾಳಿ ಉಳಿದರೂ ಅವನ ಪಾದಕ್ಕೆ ತಿಳಿಯುತ್ತಿತ್ತು. ಅದಕ್ಕೇ ಮೇಲೆ ಯಾವಾಗಲೂ ಅವನು, ಕೆಳಗೆ ನಾನು. ಇಳಿಯುವ ಮುನ್ನ "ಬಿಗದ್ರೇನ್ರಿ ಅಣ್ಣಾರ?" ಎಂದು ಒಂದು ಸಲ ಕೇಳಿಯೇ ಇಳಿಯುತ್ತಿದ್ದ.

ಆದರೆ ಗಿರಾಕಿಗಳಿಗೆ ನಾವು ಹೇಳುತ್ತಿದ್ದುದೇ ಬೇರೆ. ಸವದತ್ತಿಯ ಒಬ್ಬ ಸಾಹುಕಾರ ಹೊಸ ಎಸ್‌ಯುವಿ ತಂದಾಗ ಭೀಮಶಿಯ ಕಡೆ ನೋಡುತ್ತಲೇ, "ಇವ್ನ ಸೀಟಿನ ಮ್ಯಾಲ ಕುಂಡ್ರಸಬ್ಯಾಡ್ರಿ, ಗ್ರೀಸ್ ಹತ್ತತೈತಿ" ಅಂದಿದ್ದ. ನನ್ನ ಬಟ್ಟೆಗೂ ಅಷ್ಟೇ ಗ್ರೀಸ್ ಇತ್ತು. ಸಾಹುಕಾರ ಹೇಳಿದ್ದು ಗ್ರೀಸಿನ ಮಾತಲ್ಲ ಎಂದು ನನಗೂ ಗೊತ್ತು, ಭೀಮಶಿಗೂ ಗೊತ್ತು. ಅವನು ಯಾವ ಕೇರಿಯವನು ಎಂಬುದು ಸುತ್ತಲಿನ ಊರಿಗೆಲ್ಲ ಗೊತ್ತಿದ್ದದ್ದೇ. ನಾನು ಹಲ್ಲು ಕಿರಿದು, "ಇಲ್ರಿ, ಅವಾ ಕೆಳಗ ಇರತಾನ, ಸೀಟಿಗೆ ನಾನ ಕುಂಡ್ರತೇನಿ" ಅಂದೆ. ಗಿರಾಕಿ ಅತ್ತ ಹೋದ ಮೇಲೆ ಭೀಮಶಿ ಸೀಟಿಗೆ ಗೋಣಿಚೀಲ ಹಾಸಿಕೊಂಡು ಕುಳಿತ. ನಕ್ಕ ಕೂಡ. ಆ ನಗುವಿಗೆ ನಾನು ಆಗಲೇ ನಾಚಬೇಕಿತ್ತು.

ಎರಡು ವರ್ಷದ ಹಿಂದೆ ಅದೇ ಗಾಡಿಗೆ ಬ್ರೇಕ್ ಕೆಲಸ ಮಾಡಿದೆವು. ಹಿಂದಿನ ಬಲಚಕ್ರದ ನಟ್ಟನ್ನು ನಾನು ಬೆರಳಲ್ಲಿ ತಿರುಗಿಸಿದ್ದೆನಷ್ಟೆ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. "ಬಿಗದ್ರೇನ್ರಿ?" ಎಂದು ಭೀಮಶಿ ಕೇಳಿದ್ದಕ್ಕೆ "ಬಿಗದೇನಿ" ಅಂದು ಹೊಂಡ ಹತ್ತಿ ಬಂದೆ. ಪಾನಾ ಹಾಕಿ ಬಿಗಿದಿರಲಿಲ್ಲ... ಮರೆತೆ.

ಎರಡನೇ ದಿನ ಎಲ್ಲಮ್ಮನ ಗುಡ್ಡದ ಇಳಿಜಾರಿನಲ್ಲಿ ಗಾಡಿ ನಿಲ್ಲಲಿಲ್ಲ, ಗೋಡೆಗೆ ಹೊಡೆಯಿತು. ಸಾಹುಕಾರನ ಹೆಂಡತಿಯ ಕೈ ಎರಡು ಕಡೆ ಮುರಿಯಿತು. ಅವನು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಕೂಗಾಡಿದ.

"ಯಾರ್ ಬಿಗದಿದ್ರಿ ಆ ನಟ್ಟು?"

"ಕೆಳಗ... ಭೀಮಶಿ ಇದ್ದನ್ರಿ" ಅಂದೆ.

ಹೊಸ ಸುಳ್ಳು ಹುಡುಕುವ ಕಷ್ಟವೂ ನನಗಿರಲಿಲ್ಲ. ಹಳೆಯದು ತಯಾರಾಗಿಯೇ ಇತ್ತು, ಎಲ್ಲರೂ ನಂಬಿದರು. ಭೀಮಶಿ ನನ್ನ ಮುಖವನ್ನಷ್ಟೇ ನೋಡಿದ. ಅವನಿಗೆ ಎರಡೇಟು ಬಿದ್ದವು. ಕೈ ತೊಳೆದುಕೊಂಡು, ತನ್ನ ಪಾನಾಗಳ ಚೀಲವನ್ನೂ ಬಿಟ್ಟು ರಾಮದುರ್ಗಕ್ಕೆ, ಹೆಂಡತಿಯ ತವರಿಗೆ ಹೊರಟುಹೋದ. ಹೆಸರು ಕೆಟ್ಟ ಮೇಲೆ ಅಲ್ಲಿಯೂ ಯಾವ ಗ್ಯಾರೇಜಿನವರೂ ಬ್ರೇಕ್ ಕೆಲಸ ಕೊಡಲಿಲ್ಲ, ಪಂಕ್ಚರ್ ಹಾಕುತ್ತಾನೆ ಎಂದು ಕೇಳಿದೆ. ಆಮೇಲೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಎಂದೂ ಕೇಳಿದೆ. ನೋಡಲು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಇಷ್ಟು ಹಿಂದಿನ ಕಥೆ. ಇನ್ನು ಆ ರಾತ್ರಿಗೆ ಬರುತ್ತೇನೆ.

ಕಬ್ಬಿನ ಸುಗ್ಗಿ ನಡೆದಿತ್ತು. ಸಂಜೆ ಮುನವಳ್ಳಿಯ ಔಷಧಿ ಅಂಗಡಿಯವನೊಬ್ಬ ಎಸ್‌ಯುವಿ ತಂದು ನಿಲ್ಲಿಸಿದ. ಹಿಂದಿನ ಬಲಚಕ್ರದ ಬ್ರೇಕ್ ಬಿಡದೆ ಹಿಡಿದುಕೊಂಡಿತ್ತು, ಸುಟ್ಟ ವಾಸನೆ ಬರುತ್ತಿತ್ತು.

"ಅಣ್ಣಾರ, ನಾಳೆ ನಸಕಿನ್ಯಾಗ ಹೆಂಡ್ತಿನ್ನ ಧಾರವಾಡ ದವಾಖಾನಿಗೆ ಕರ್ಕೊಂಡ್ ಹೋಗಬೇಕ್ರಿ. ಎಂಟಕ್ಕ ಹೆರಿಗಿ ಆಪರೇಶನ್ ಐತಿ. ಹೆಂಗರ ಮಾಡಿ ಮಾಡಿಕೊಡ್ರಿ."

"ಐದಕ್ಕ ಬರ್ರಿ. ಗಾಡಿ ತಯಾರ ಇರತೈತಿ" ಅಂದೆ.

ಅವನು ಹೋದ ಮೇಲೆ ಗಾಡಿಯ ಮುಂಭಾಗ ನೋಡಿದೆ. ಬಣ್ಣದ ಕೆಳಗೆ ಹಳೆಯ ಪೆಟ್ಟಿನ ಉಬ್ಬುತಗ್ಗು ಕೈಗೆ ಸಿಕ್ಕಿತು. ಸಾಹುಕಾರ ಮಾರಿದ್ದ ಅದೇ ಗಾಡಿ. ಮುಟ್ಟುವುದೇ ಬೇಡ ಅನ್ನಿಸಿತು, ಆದರೂ ಮಾತು ಕೊಟ್ಟಾಗಿತ್ತು.

ಚಕ್ರ ಬಿಚ್ಚಿ, ಕೆಟ್ಟ ಭಾಗ ಬದಲಿಸಿ, ಹೊಸ ಪ್ಯಾಡ್ ಕೂರಿಸುವಷ್ಟರಲ್ಲಿ ಹನ್ನೊಂದು ದಾಟಿತ್ತು. ಗಾಳಿ ತೆಗೆಯುವುದಷ್ಟೇ ಉಳಿದಿತ್ತು. ಪೆಡಲ್ ಒತ್ತಲು ಬರುತ್ತೇನೆ ಎಂದಿದ್ದ ಸಂಬಂಧಿಕನೊಬ್ಬ ಫೋನ್ ಎತ್ತಲಿಲ್ಲ. ನಟ್ಟಿಗೆ ಬಾಟಲಿ, ನಳಿಗೆ ಕಟ್ಟಿ ಒಬ್ಬನೇ ಪ್ರಯತ್ನಿಸಿದೆ. ಹತ್ತಿ ಇಳಿದು ಮೊಣಕಾಲು ಹೋಯಿತೇ ಹೊರತು ಪೆಡಲ್ ಗಟ್ಟಿಯಾಗಲಿಲ್ಲ. ಕರೆಂಟೂ ಹೋಯಿತು. ಬ್ಯಾಟರಿ ದೀಪ ಹಿಡಿದು ಮತ್ತೆ ಹೊಂಡಕ್ಕಿಳಿದೆ.

ಹಾಡು ಹಚ್ಚಿಕೊಂಡು ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರುಗಳ ಓಡಾಟವೂ ನಿಂತುಹೋಗಿತ್ತು. ಹೊಂಡದಲ್ಲಿ ಹಳೆಯ ಎಣ್ಣೆಯ ವಾಸನೆ, ತಲೆಯ ಮೇಲೆ ಗಾಡಿ. ದಣಿವಿಗೆ ತಲೆ ಓಡುತ್ತಿರಲಿಲ್ಲ. ಹಿಂದಿನ ಎಡಚಕ್ರದ ನಟ್ಟಿಗೆ ಪಾನಾ ಹಾಕಿ, ಹದಿನೆಂಟು ವರ್ಷದ ರೂಢಿಯಂತೆ ಬಾಯಿ ತಾನಾಗಿ ಅಂದುಬಿಟ್ಟಿತು:

"ಒತ್ತು."

ಕೊಸಕ್... ಕೊಸಕ್... ಕೊಸಕ್...

ಪೆಡಲ್ ಮೂರು ಸಲ ಇಳಿದ ಸದ್ದು. ಆಮೇಲೆ ಮೇಲಿನಿಂದ ಮೆಲ್ಲಗೆ,

"ಹಿಡದೇನ್ರಿ."

ಕೈ ಅದರ ಪಾಡಿಗೆ ನಟ್ಟು ಸಡಿಲಿಸಿತು. ಎಣ್ಣೆ ಗುಳುಗುಳು ಎಂದು ಗಾಳಿಯ ಸಮೇತ ಚಿಮ್ಮಿತು. ನಟ್ಟು ಮುಚ್ಚಿದೆ... ಆಗ ತಲೆಗೆ ಹೊಳೆಯಿತು. ಗ್ಯಾರೇಜಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಶೆಟರನ್ನು ನಾನೇ ಒಳಗಿನಿಂದ ಎಳೆದಿದ್ದೆ.

ಉಸಿರು ಬಿಗಿಹಿಡಿದು ನಿಂತೆ. ಮೇಲೆ ಸೀಟು ಕಿರ್ರ್ ಎಂದಿತು. ತಪಕೀರಿನ, ಅದೇ ನಶ್ಯದ, ವಾಸನೆ ಹೊಂಡದೊಳಕ್ಕೆ ಇಳಿದು ಬಂತು. ನನ್ನ ಗ್ಯಾರೇಜಿನಲ್ಲಿ ಮೂಗಿಗೆ ತಪಕೀರು ಏರಿಸುತ್ತಿದ್ದವನು ಭೀಮಶಿ ಒಬ್ಬನೇ.

"ಬಿಡ್ಲೇನ್ರಿ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಸುವಂಥದ್ದು ಏನೂ ಇರಲಿಲ್ಲ. ಕಾಲು ನೋಯುತ್ತಿದೆ, ಬೇಗ ಹೇಳಿ ಅನ್ನುವ ಅದೇ ಹಳೆಯ ರಾಗ. ಪಾನಾ ಗಟ್ಟಿಯಾಗಿ ಹಿಡಿದುಕೊಂಡು ಅಂದೆ,

"ಬಿಡು..."

ಪೆಡಲ್ ಮೇಲಕ್ಕೆದ್ದ ಸದ್ದು ಕೇಳಿಸಿತು.

ಓಡಬೇಕಿತ್ತು ಅನ್ನುತ್ತೀರಿ. ಎಲ್ಲಿಗೆ ಓಡಲಿ? ಹೊಂಡದ ಮೆಟ್ಟಿಲು ಇರುವುದು ಡ್ರೈವರ್ ಬಾಗಿಲ ಮಗ್ಗುಲಲ್ಲೇ. ಬೆಳಗ್ಗೆ ಐದಕ್ಕೆ ಬಸುರಿ ಹೆಂಗಸು ಆ ಗಾಡಿಯಲ್ಲಿ ಕೂರುವವಳಿದ್ದಳು. ಆದರೆ ನಿಜ ಹೇಳಬೇಕೆಂದರೆ, ಇದಕ್ಕಿಂತ ಕೆಟ್ಟ ಕಾರಣವೊಂದಿತ್ತು. ಕೆಲಸ ಆಗುತ್ತಿತ್ತು. ಅವನು ಏನಾಗಿ ಬಂದಿದ್ದನೋ ಏನೋ, ಆಗಲೂ ನಾನು ಅವನಿಂದ ದುಡಿಸಿಕೊಂಡೆ.

ಹಿಂದಿನ ಎರಡು ಚಕ್ರ ಮುಗಿದವು. ಬ್ರೇಕ್ ಆಯಿಲ್ ತುಂಬಲು ಮೇಲೆ ಬರಲೇಬೇಕಾಯಿತು. ಬಾಗಿಲ ಕಡೆ ಮುಖ ತಿರುಗಿಸದೆ, ಗೋಡೆ ಹಿಡಿದುಕೊಂಡು ಮುಂದೆ ಹೋದೆ. ಬಾನೆಟ್ ಎತ್ತಿದ್ದರಿಂದ ಒಳಗಿನ ಸೀಟು ಕಾಣುತ್ತಿರಲಿಲ್ಲ. ಅದರ ಆಚೆ ಯಾರೋ ಮೂಗು ಎಳೆದುಕೊಂಡ ಸದ್ದಾಯಿತು. ಎಣ್ಣೆ ಅರ್ಧ ಒಳಗೆ, ಅರ್ಧ ಹೊರಗೆ ಚೆಲ್ಲಿತು. ಹಾಗೇ ಗೋಡೆ ಹಿಡಿದು ಹೊಂಡಕ್ಕೆ ಮರಳಿದೆ.

ಮುಂದಿನ ಎರಡು ಚಕ್ರವೂ ಮುಗಿದವು. ಪಾನಾ ಒರೆಸಿ ಚೀಲಕ್ಕೆ ಹಾಕುವುದರಲ್ಲಿದ್ದೆ.

"ಬಿಗದ್ರೇನ್ರಿ ಅಣ್ಣಾರ?"

"ಬಿಗದೇ..." ಎಂದು ಶುರುಮಾಡಿದವನಿಗೆ ನಾಲಿಗೆ ಹೊರಳಲಿಲ್ಲ. ದೀಪ ಹಿಡಿದು ಒಂದೊಂದಾಗಿ ಮುಟ್ಟಿ ನೋಡಿದೆ. ಹಿಂದಿನ ಎಡಚಕ್ರದ್ದು ಗಟ್ಟಿ. ಮುಂದಿನವೆರಡೂ ಗಟ್ಟಿ. ಹಿಂದಿನ ಬಲಚಕ್ರದ ನಟ್ಟು ಬೆರಳಲ್ಲೇ ತಿರುಗಿತು.

ಪಾನಾ ಹಾಕಿ ಅದನ್ನು ಬಿಗಿದೆ. "ಈಗ ಬಿಗದೇನಪಾ ಭೀಮಶಿ... ಈಗ ಬಿಗದೇನಿ" ಎಂದು ಅತ್ತುಬಿಟ್ಟೆ.

ತುಂಬ ಹೊತ್ತಾದ ಮೇಲೆ ಹೊಂಡ ಹತ್ತಿ ಬಂದೆ. ಬಾಗಿಲು ತೆರೆದೇ ಇತ್ತು, ಸೀಟು ಖಾಲಿ. ಒಳಗೆ ದೀಪದ ಬೆಳಕು ಬಿಟ್ಟೆ. ಬ್ರೇಕ್ ಪೆಡಲ್ ಒತ್ತಿಹಿಡಿದಂತೆ ಕೆಳಗೇ ಇತ್ತು... ನಾನು ನೋಡುತ್ತಿದ್ದಂತೆ, ಮೇಲಿದ್ದ ಕಾಲನ್ನು ಯಾರೋ ಮೆಲ್ಲಗೆ ತೆಗೆದುಕೊಂಡ ಹಾಗೆ, ಅದು ಮೇಲಕ್ಕೆ ಬಂದು ನಿಂತಿತು.

ಬೆಳಕು ಹರಿಯುವ ಮುಂಚೆ ಔಷಧಿ ಅಂಗಡಿಯವನು ಬಂದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸಲ ಗಾಡಿ ಓಡಿಸಿ ನೋಡಿದೆ. ಅಂಥ ಒಳ್ಳೆಯ ಪೆಡಲನ್ನು ಎರಡು ವರ್ಷದಿಂದ ನಾನು ತುಳಿದಿರಲಿಲ್ಲ. ಅವನು ಹೋದ ತಕ್ಷಣ ರಾಮದುರ್ಗದ ಬಸ್ಸು ಹತ್ತಿದೆ. ಭೀಮಶಿ ರಾತ್ರಿಯೇ ತೀರಿಕೊಂಡಿದ್ದಾನೆ, ಅದಕ್ಕೇ ಬಂದಿದ್ದ ಎಂದು ನನ್ನ ಮನಸ್ಸು ಹೇಳುತ್ತಿತ್ತು. ದಾರಿಯುದ್ದಕ್ಕೂ ಅಳುವ ಸದ್ದಿಗೇ ಕಿವಿ ಸಿದ್ಧವಾಗಿತ್ತು.

ಭೀಮಶಿ ಸತ್ತಿರಲಿಲ್ಲ.

ಹೊಳೆ ಕಡೆಯ ಓಣಿಯಲ್ಲಿ ಎರಡು ಖೋಲಿಯ ಮನೆ, ಗೋಡೆಗೆ ಬುದ್ಧನ ಪಟ. ಅದರ ಕೆಳಗೆ ಮಂಚದ ಮೇಲೆ ಅವನು ಮಲಗಿದ್ದ. ಬಾಯಿ ಸೊಟ್ಟಗಾಗಿತ್ತು, ಬಲಗೈ ಬಲಗಾಲು ಒಣಗಿದ್ದವು. ಕಣ್ಣುಗಳು ಮಾತ್ರ ನನ್ನನ್ನು ಕಂಡು ಅಲ್ಲೇ ನಿಂತವು. ಅವನ ಹೆಂಡತಿ ರುಕ್ಮವ್ವ ನನ್ನನ್ನು ಕಂಡಿದ್ದೇ ಕೈ ಮುಗಿದು ಓಡಿ ಬಂದಳು.

"ಬರ್ರಿ ಅಣ್ಣಾರ, ಕುಂಡ್ರಿ. ಚೊಲೊ ಹೊತ್ತಿಗಿ ಬಂದ್ರಿ. ರಾತ್ರಿ ಒಂದ್ ವಿಚಿತ್ರ ಆತ್ರಿ. ಎಂಟ ತಿಂಗಳಾತು, ಈ ಕಾಲಿನ ಒಂದ್ ಬೆರಳರ ಆಡಿಲ್ಲ, ಬಾಯಾಗಿಂದ ಒಂದ್ ಮಾತ ಬಂದಿಲ್ಲ. ನಿನ್ನಿ ನಡುರಾತ್ರ್ಯಾಗ ಕಾಲು ತುಳದಂಗ ಮಾಡಾಕ ಹತ್ತಿದ್ರು. ಮೂರ್ ಸರ್ತೆ ತುಳೀತಾರ, ಆಮ್ಯಾಲ ಬಿಗಿಹಿಡೀತಾರ. ‘ಹಿಡದೇನ್ರಿ’ ಅಂದ್ರು, ಸ್ವಚ್ಛ ಅಂದ್ರು! ಮುಂಜಾನೆ ನೋಡಿದ್ರ ಮತ್ತ ಕಟ್ಟಿಗಿ ಆಗೇತಿ. ಏನ್ ಹಿಡದಾರ್ರಿ ಇವ್ರು? ಯಾರಿಗಿ ಅಂದಾರ್ರಿ?"

ಅವಳ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ, ನನಗೆ ಸುಳ್ಳು ಹೇಳಲಾಗಲಿಲ್ಲ. ಬ್ರೇಕಿನ ಕೆಲಸ ಹೇಗೆ ಮಾಡುತ್ತೇವೆ ಎಂದು ತಿಳಿಸಿದೆ. ಮೇಲಿನವನು ಒತ್ತಿ ಹಿಡಿದು ಹಾಗೆ ಅನ್ನುತ್ತಾನೆ, ಭೀಮಶಿ ಹದಿನೆಂಟು ವರ್ಷವೂ ಮೇಲೆಯೇ ಕೂರುತ್ತಿದ್ದ ಎಂದೆ.

ರುಕ್ಮವ್ವ ಕೇಳುತ್ತ ಕೇಳುತ್ತ ಗೋಡೆಗೆ ಆತುಕೊಂಡಳು.

"ಇವ್ರು ಯಾವಾಗ್ಲೂ ಮ್ಯಾಲ ಕುಂಡ್ರತಿದ್ರೇನ್ರಿ?"

"ಹೌದವಾ."

"ಹಂಗಾರ... ಆವತ್ತ ಕೆಳಗ ಯಾರಿದ್ರಿ?"

ತಲೆ ತಗ್ಗಿಸಿ "ನಾನ" ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಡನ ಕಡೆ ತಿರುಗಿದಳು.

"ಎರಡ ವರ್ಷ ನಾನೂ ಇವ್ರಿಗೇ ಬೈದೇನ್ರಿ ಅಣ್ಣಾರ. ಒಂದ್ ನಟ್ ಬಿಗಿಯಾಕ ಬರಲಿಲ್ಲ ನಿಮಗ, ನಮ್ಮ ಬಾಳೇವು ಹಾಳ ಮಾಡಿದ್ರಿ ಅಂತ. ಲಕ್ವಾ ಹೊಡದ ದಿನಾನೂ ಬೈದಿದ್ದೆ. ಒಂದ್ ಸರ್ತೆನೂ ‘ನಾ ಅಲ್ಲ’ ಅನಲಿಲ್ರಿ ಇವ್ರು."

ನಾನು ಹೋಗಿ ಭೀಮಶಿಯ ಬಲಪಾದ ಹಿಡಿದೆ. ತಣ್ಣಗಿತ್ತು. "ಯಾಕ ಬಂದಿದ್ಯೋ ತಮ್ಮಾ?" ಎಂದು ಕೇಳಿದೆ. ಅವನು ಕಣ್ಣು ಮುಚ್ಚಿಕೊಂಡ.

ಆ ಸಂಜೆಯೇ ಸಾಹುಕಾರನಿಗೆ ಫೋನ್ ಮಾಡಿ ತಪ್ಪು ನನ್ನದು ಎಂದು ಹೇಳಿದೆ. "ಹಳೇದೆಲ್ಲಾ ಯಾಕೀಗ, ಬಿಡ್ರಿ. ಆ ಗಾಡಿನೂ ಮಾರೇನಿ" ಎಂದು ನಕ್ಕು ಇಟ್ಟುಬಿಟ್ಟ. ಒಬ್ಬನ ಬಾಳು ಮುರಿದದ್ದು ಅವನಿಗೆ ಅಷ್ಟೇ. ಅವನನ್ನು ಅನ್ನಲು ನನಗೇನು ಹಕ್ಕಿದೆ, ಮುರಿದವನು ನಾನು.

ಆವತ್ತು ಆ ಮನೆಯಿಂದ ಹೊರಟಾಗ ರುಕ್ಮವ್ವ ಬಾಗಿಲ ತನಕ ಬಂದಿದ್ದಳು.

"ಇನ್ನ ಈ ಮನಿಗೆ ಬರಬ್ಯಾಡ್ರಿ" ಅಂದಳು. ನಾನು ಚಪ್ಪಲಿ ಮೆಟ್ಟುತ್ತಿದ್ದೆ. ದನಿ ತಗ್ಗಿಸಿ ಅಂದಳು: "ಆದ್ರ ಅಲ್ಲಿ ಮತ್ತ ಆ ದನಿ ಬಂತಂದ್ರ ಫೋನ್ ಮಾಡ್ರಿ. ಎಷ್ಟ ಹೊತ್ತಾಗ್ಲಿ, ಮಾಡ್ರಿ. ಇವ್ರ ಕಾಲು ಆಡೂದು ನಾ ಇನ್ನೊಮ್ಮೆ ನೋಡಬೇಕು."

ಈಗ ವಾರಕ್ಕೊಂದು ರಾತ್ರಿ, ಅವಳಿಗೆ ಮೊದಲೇ ತಿಳಿಸಿ, ಯಾವುದಾದರೂ ಗಾಡಿಯನ್ನು ಹೊಂಡದ ಮೇಲೆ ತಂದು ನಿಲ್ಲಿಸಿ, ಶೆಟರ್ ಎಳೆದು, ಕೆಳಗಿಳಿದು "ಒತ್ತು" ಅನ್ನುತ್ತೇನೆ. ಇಲ್ಲಿಯವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮರುದಿನ ಬೆಳಗ್ಗೆ ರುಕ್ಮವ್ವನ ಫೋನ್ ಬರುತ್ತದೆ, "ನಿನ್ನಿ ಕರದಿದ್ರೇನ್ರಿ?" ಎಂದು ಕೇಳುತ್ತಾಳೆ. "ಕರದಿದ್ದೆ" ಅನ್ನುತ್ತೇನೆ. "ರಾತ್ರಿಯೆಲ್ಲಾ ಕಾಲ ಹಿಡ್ಕೊಂಡ ಕುಂತಿದ್ದೆ, ಆಡಲಿಲ್ರಿ" ಎಂದು ಅವಳು ಫೋನ್ ಇಡುತ್ತಾಳೆ.