ಕಾರ್ಡಿನ ಮೇಲಿನ ಪ್ಲಾಸ್ಟಿಕ್

ರಜಿಯಾ ಮೇಡಂ ಅವರ ಬ್ಯಾಗಿನ ತುಂಬ ಸತ್ತ ಕಾರ್ಡುಗಳಿರುತ್ತಿದ್ದವು. ಬಗ್ಗಿದ್ದು, ಅರಿಸಿನ ಮೆತ್ತಿದ್ದು, ಜೇಬಿನಲ್ಲೇ ಒಗೆತಕ್ಕೆ ಬಿದ್ದದ್ದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಆಸ್ಪತ್ರೆಯ ಚಿಕಿತ್ಸಾ ಕಾರ್ಡ್ ಓದುವ ರೀಡರ್ ಮತ್ತು ಕಂಪ್ಯೂಟರಿನ ನಡುವೆ ಮಾತು ದಾಟಿಸುವ ಡ್ರೈವರ್ ತಂತ್ರಾಂಶವನ್ನು ನಾನು ಬರೆಯುತ್ತಿದ್ದೆ, ಅವರು ಪರೀಕ್ಷಿಸುತ್ತಿದ್ದರು. ಪರೀಕ್ಷೆಯೇನು, ಸತಾಯಿಸುವುದೇ ಅದು. ಓದುತ್ತಿರುವಾಗಲೇ ಕಾರ್ಡ್ ಅರ್ಧಕ್ಕೆ ಕಿತ್ತುಕೊಳ್ಳುವರು, ತಿರುವಿ ಹಾಕುವರು, ಕೇಬಲ್ ಎಳೆಯುವರು. ನಾನು ಮುಖ ಊದಿಸಿಕೊಂಡರೆ, “ಲೇ ಮಂಜು, ಪಾಳಿ ಹಚ್ಚಿದ ಮಂದಿ ನಿನ್ನ ಕೇಳಿ ಕಾರ್ಡ್ ತೆಗೀತಾರೇನು? ಇನ್ನೊಂದ್ಸಲ ನೋಡೂಣು,” ಎನ್ನುವರು.

ಅವರ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಮನೆ ಸಿರುಗುಪ್ಪದಲ್ಲಿ, ಡಯಾಲಿಸಿಸ್ ಅಲ್ಲಿಯ ಆಸ್ಪತ್ರೆಯಲ್ಲಿ. ಅಲ್ಲಿಯ ಕೌಂಟರಿನಲ್ಲೂ ನಮ್ಮದೇ ಡ್ರೈವರ್. ಕಾರ್ಡ್ ಓದಿಸಿಕೊಂಡರೆ ಒಳಗೆ ಬಿಡುತ್ತಾರೆ, ಇಲ್ಲದಿದ್ದರೆ ಆ ದಿನದ ಚಿಕಿತ್ಸೆ ಇಲ್ಲ. “ನಾ ಬರೇ ಟೆಸ್ಟರ್ ಅಲ್ಲೋ, ಗಿರಾಕಿನೂ ಅದೀನಿ,” ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಒಮ್ಮೆ ಹೊಸ ಡ್ರೈವರ್ ಹಾಕಿ ನೋಡಲು ಇಬ್ಬರೂ ಕುರುಗೋಡಿನ ಆಸ್ಪತ್ರೆಗೆ ಹೋದೆವು. ಬಾದನಹಟ್ಟಿಯ ಹೆಂಗಸೊಬ್ಬಳು ಕಾರ್ಡ್ ತೂರಿಸಿದಳು. ರೀಡರಿನ ದೀಪ ಮಿಟುಕುತ್ತಲೇ ಉಳಿಯಿತು. ಕಾರ್ಡ್ ತೆಗೆದರೂ ಅದೇ ಮಿಟುಕು. ಹಿಂದೆ ನಿಂತವರ ಯಾರ ಕಾರ್ಡನ್ನೂ ಅದು ಓದಲಿಲ್ಲ. ಮೇಡಂ ಆ ಕಾರ್ಡನ್ನು ಬೆಳಕಿಗೆ ಹಿಡಿದರು. ಹಾಳಾಗದಿರಲಿ ಎಂದು ಆಕೆ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಅಂಚು ಕತ್ತರಿಸಿ ತಂದಿದ್ದಳು. ರೀಡರಿಗೆ ತಾಗಬೇಕಾದ ಚಿಪ್ಪಿನ ಮೇಲೆಲ್ಲ ಪ್ಲಾಸ್ಟಿಕ್. ಕಾರ್ಡ್ ಒಳಗೆ ಬಂದದ್ದು ಡ್ರೈವರಿಗೆ ಗೊತ್ತಾಗಿತ್ತು, ಉತ್ತರ ಮಾತ್ರ ಬರಲಿಲ್ಲ; ಅದು ಕಾಯುತ್ತಲೇ ಕೂತಿತ್ತು. ನಮ್ಮ ಕಡೆ ಬೆಲೆಯುಳ್ಳ ಕಾಗದ ಕೈಗೆ ಬಂದರೆ ಮೊದಲು ಮಾಡಿಸುವುದೇ ಲ್ಯಾಮಿನೇಷನ್. ಆದರೂ ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಮೇಡಂ ಅವರಿಗೂ.

“ಅದು ಆಕಿ ತಪ್ಪುರಿ. ಅದಕ್ಕ ಹೊಸ ಡ್ರೈವರ್ ಬಿಡುಗಡೆ ನಿಲ್ಲಸಾಕ ಬರಂಗಿಲ್ಲ,” ಎಂದರು ನಮ್ಮ ಮ್ಯಾನೇಜರ್.

“ಜೋಪಾನ ಮಾಡಿದ್ದು ತಪ್ಪೇನ್ರಿ? ತಪ್ಪಿದ್ರೂ ಆಕಿ ಒಬ್ಬಾಕಿದು. ನಿಂತಿದ್ದು ಪಾಳಿ ಎಲ್ಲಾ.”

ಮೇಡಂ ಧ್ವನಿ ಏರಿಸಲಿಲ್ಲ, ಒಪ್ಪಿಗೆಯನ್ನೂ ಕೊಡಲಿಲ್ಲ. ಈ ಹಗ್ಗಜಗ್ಗಾಟದ ನಡುವೆಯೇ ಇದೇ ದೋಷವಿದ್ದ ಹಳೆಯ ಡ್ರೈವರಿನ ಸಿರುಗುಪ್ಪದ ರೀಡರೂ ಹೀಗೆಯೇ ನಿಂತು ಅವರ ಒಂದು ಡಯಾಲಿಸಿಸ್ ತಪ್ಪಿತು. ಮ್ಯಾನೇಜರ್ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕೊನೆಗೂ ತಿದ್ದಿದೆವು: ಉತ್ತರ ಬಾರದಿದ್ದರೆ ಕೆಂಪು ದೀಪ ತೋರಿಸಿ, ಮುಂದಿನ ಕಾರ್ಡಿಗೆ ಸಿದ್ಧವಾಗಬೇಕು.

ಸಿರುಗುಪ್ಪದಲ್ಲಿ ಅದನ್ನು ಹಾಕಿದ ದಿನ ನಾನೂ ಅಲ್ಲಿದ್ದೆ. ಮೇಡಂ ಪಾಳಿಯಲ್ಲಿ ನಿಂತಿದ್ದರು. ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಅವರ ಮುಂದೆ ತೆಕ್ಕಲಕೋಟೆಯ ಮುದುಕ. ಅವನ ಕಾರ್ಡಿಗೆ ಕೆಂಪು ದೀಪ ಹತ್ತಿ ಆರಿತು.

“ಇದು ಓದಂಗಿಲ್ಲ, ಸರಿ ಮಾಡಿಸ್ಕಂಡು ಬಾ. ಮುಂದಿನವ್ರು ಬರ್ರಿ,” ಎಂದ ಕೌಂಟರಿನವನು.

ನಾವು ಬಯಸಿದ್ದೂ ಅದನ್ನೇ. ಒಳಗೆ ಖಾಲಿ ಇದ್ದದ್ದು ಒಂದೇ ಡಯಾಲಿಸಿಸ್ ಯಂತ್ರ. ನಾನು ಮೇಡಂ ಅವರ ಕಾರ್ಡಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ.

“ನಮ್ಮ ಟೆಸ್ಟ್ ಪಾಸ್ ಆತು ಮಂಜು. ಮುದುಕ ಮನಿಗೆ ಹೊಂಟಾನ ನೋಡು,” ಎಂದವರೇ ಬ್ಯಾಗಿನಿಂದ ಕತ್ತರಿ ತೆಗೆದರು. “ತಾತಾ, ಕಾರ್ಡ್ ಇಲ್ಲಿ ಕೊಡು.”

“ಕತ್ತರಿ ಹಾಕಬ್ಯಾಡಮ್ಮ. ಅದು ಹೋದ್ರ ನಾನೂ ಹೋದಂಗ.”

“ಏನೂ ಆಗಂಗಿಲ್ಲ, ಕೊಡು.”

ಅಂಚು ಸೀಳಿ, ಪ್ಲಾಸ್ಟಿಕ್ ಸುಲಿದು, ಚಿಪ್ಪನ್ನು ಸೆರಗಿನಿಂದ ಒರೆಸಿ ಅವರೇ ತೂರಿಸಿದರು. ಹಸಿರು ದೀಪ. ಮುದುಕ ಒಳಗೆ ಹೋದ.

“ಮೇಡಂ, ನಿಮಗ?”

“ಪಾಳಿ ಅವಂದು ಐತಿ,” ಎಂದು ಬೆಂಚಿನ ಮೇಲೆ ಕೂತರು. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. “ಬರೇ ಕೆಂಪು ದೀಪ ತೋರಿಸಬ್ಯಾಡ್ಲೇ. ಪ್ಲಾಸ್ಟಿಕ್ ತಗದು ಮತ್ತ ಹಾಕ್ರಿ ಅಂತ ಕನ್ನಡದಾಗ ಬರಲಿ.”

ಸಂಜೆಯವರೆಗೂ ಕೂತೆವು, ಯಂತ್ರ ಖಾಲಿಯಾಗಲಿಲ್ಲ. ನಾಳೆ ಬನ್ನಿ ಎಂದ ಕೌಂಟರಿನವನು. ಮರುದಿನ ಆಸ್ಪತ್ರೆಯಲ್ಲಿ ಮೇಡಂ ಹೆಸರು ಕೂಗುವ ಹೊತ್ತಿಗೆ ಅವರನ್ನು ಮಣ್ಣಿಗಿಡಲು ಒಯ್ಯುತ್ತಿದ್ದೆವು.

ಅವರು ಹೇಳಿದ ಆ ಸಾಲು ಈಗ ಎಲ್ಲ ಕೌಂಟರುಗಳಲ್ಲೂ ಬರುತ್ತದೆ. ಪರೀಕ್ಷಿಸುವ ಕೆಲಸ ಈಗ ನನ್ನದು. ಸತ್ತ ಕಾರ್ಡುಗಳ ಬ್ಯಾಗನ್ನು ಅವರ ಅಕ್ಕ ಆಫೀಸಿಗೆ ತಂದುಕೊಟ್ಟರು. ಮೇಡಂ ಅವರ ಕಾರ್ಡೂ ಅದರಲ್ಲೇ ಇದೆ. ಅದನ್ನು ಅರ್ಧಕ್ಕೆ ಕಿತ್ತು ಮತ್ತೆ ಹಾಕುತ್ತೇನೆ. ಪ್ರತಿ ಸಲವೂ ಹಸಿರು ದೀಪವೇ ಹತ್ತುತ್ತದೆ.